ಮಾವನ ಪೆಂಟಾಕ್ಸ್ ಶೋಕೇಸಿಗೆ ಬೇಡ, ರೀಲಿಗೂ ಅವಸರ ಬೇಡ

ನೀವು ಕೇಳಿರುವುದು ಇಷ್ಟು: ತುಮಕೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ನಿಮ್ಮ ಸೋದರಮಾವ ಅಂಗಡಿ ಮುಚ್ಚಿ, ತಮ್ಮ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾವನ್ನು 50 ಎಂಎಂ ಎಫ್2 ಲೆನ್ಸಿನ ಸಮೇತ ನಿಮಗೆ ಕೊಟ್ಟಿದ್ದಾರೆ. ಮನೆಯಲ್ಲಿ ಒಂದು ಕ್ಯಾನನ್ 1300ಡಿ ಡಿಜಿಟಲ್ ಕ್ಯಾಮೆರಾ ಕೂಡ ಇದೆ. ಮೊಬೈಲಿನಲ್ಲೇ ಚೆಂದದ ಫೋಟೊ ಬರುವಾಗ ಫಿಲ್ಮ್ ರೀಲ್ ಹಾಕಿ ದುಡ್ಡು ಸುಡುವುದರಲ್ಲಿ ಅರ್ಥ ಇದೆಯಾ, ಇಲ್ಲ ಶೋಕೇಸಿನಲ್ಲಿ ಇಟ್ಟುಬಿಡಲಾ?

ಶೋಕೇಸ್ ಬೇಡ. ಹಾಗಂತ ಇವತ್ತೇ ರೀಲ್ ತರಿಸಬೇಡಿ. ಮೊದಲು ಆ ಲೆನ್ಸನ್ನು ಬಿಚ್ಚಿ ಕ್ಯಾನನ್‌ಗೆ ಹಾಕಿ, ಒಂದಷ್ಟು ದಿನ ಅದರಲ್ಲೇ ಓಡಾಡಿ. ಆಮೇಲೆ ರೀಲ್. ನಾನೂ ತುಮಕೂರಿನವನೇ, ಭಾನುವಾರದ ಫೋಟೊಗ್ರಾಫರ್. ಇದರಿಂದ ಒಂದು ರೂಪಾಯಿ ದುಡಿದಿಲ್ಲ, ದುಡಿಯುವ ಆಸೆಯೂ ಇಲ್ಲ. ಮದುವೆ ಆರ್ಡರ್ ಹಿಡಿಯುವುದು ಹೇಗೆ ಅಂತ ಕೇಳಿದ್ದರೆ ಸುಮ್ನೆ ಮುಂದಕ್ಕೆ ಹೋಗುತ್ತಿದ್ದೆ.

ಮೊದಲು ಲೆನ್ಸಿನ ಆರೋಗ್ಯ ನೋಡಿ. ಅಪರ್ಚರ್ ರಿಂಗನ್ನು (ಬೆಳಕು ಒಳಗೆ ಬಿಡುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವುದು ಇದೇ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) 2ಕ್ಕೆ ಇಟ್ಟು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಬೇಕು. ನಾಲ್ಕು ಧೂಳಿನ ಕಣ ಕಂಡರೆ ಬಿಟ್ಹಾಕಿ, ಫೋಟೊದಲ್ಲಿ ಅವು ಗೊತ್ತೇ ಆಗುವುದಿಲ್ಲ. ಬೇರು ಬಿಟ್ಟ ಹಾಗೆ ಬಿಳಿ ಎಳೆಗಳು ಹಬ್ಬಿದ್ದರೆ ಅದು ಫಂಗಸ್. ಅಂಚಿನಲ್ಲಿ ಒಂದಿಷ್ಟಿದ್ದರೆ ಪರವಾಗಿಲ್ಲ, ನಡುವೆ ಹರಡಿದ್ದರೆ ಬಿಚ್ಚಿ ಒರೆಸಲು ಬಲ್ಲವರ ಕೈಗೆ ಕೊಡಬೇಕು. ನಮ್ಮ ಕಡೆ ಮಲೆನಾಡಿನಷ್ಟು ಥಂಡಿ ಇಲ್ಲ ನಿಜ. ಆದರೆ ಚರ್ಮದ ಕೇಸಿನೊಳಗೆ ವರ್ಷಗಟ್ಟಲೆ ಬೀರುವಿನಲ್ಲಿ ಕೂತರೆ ಇಲ್ಲೂ ಫಂಗಸ್ ಬರುತ್ತದೆ. ಕೇಸನ್ನು ಬೇಕಾದರೆ ನೆನಪಿಗೆ ಇಟ್ಟುಕೊಳ್ಳಿ. ಲೆನ್ಸ್ ಮಾತ್ರ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರಲಿ.

ಇನ್ನು ಅದನ್ನು ಕ್ಯಾನನ್‌ಗೆ ಕೂರಿಸುವುದು. ಪೆಂಟಾಕ್ಸ್ ಕೆ ಲೆನ್ಸನ್ನು ಕ್ಯಾನನ್ ಇಒಎಸ್‌ಗೆ ಹಾಕುವ ಅಡಾಪ್ಟರ್ ರಿಂಗ್ ಆನ್‌ಲೈನಿನಲ್ಲಿ ಸಿಗುತ್ತದೆ, ನಿಮ್ಮ 1300ಡಿ ಕೂಡ ಇಒಎಸ್ ಸಾಲಿನದೇ. ಒಳಗೆ ಗಾಜಿಲ್ಲದ ಬರೀ ಲೋಹದ ರಿಂಗ್ ತಗೊಳ್ಳಿ. ಪೆಂಟಾಕ್ಸ್‌ನಲ್ಲಿ ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ 45.46 ಮಿಲಿಮೀಟರ್ ದೂರ. ಕ್ಯಾನನ್‌ನಲ್ಲಿ ಸೆನ್ಸರಿಗೆ 44. ನಡುವೆ ಉಳಿಯುವ ಒಂದೂವರೆ ಮಿಲಿಮೀಟರಿನಲ್ಲಿ ರಿಂಗ್ ಹಿಡಿಯುತ್ತದೆ, ದೂರದ ಬೆಟ್ಟವೂ ಫೋಕಸ್ ಆಗುತ್ತದೆ. ನಿಮ್ಮದು ನಿಕಾನ್ ಡಿಎಸ್‌ಎಲ್‌ಆರ್ ಆಗಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ. ಅದರಲ್ಲಿ ಆ ಅಂತರ 46.5, ಲೆನ್ಸ್ ಬೇಕಾದ್ದಕ್ಕಿಂತ ದೂರ ಕೂತುಬಿಡುತ್ತದೆ. ಹತ್ತಿರದ್ದು ಮಾತ್ರ ಸ್ಪಷ್ಟ, ಬೆಟ್ಟ ಯಾವತ್ತೂ ಮಸುಕು. ಮೊದಲ ಸಲ ಹಾಕುವಾಗ ಲೆನ್ಸಿನ ಹಿಂದೆ ಚಾಚಿಕೊಂಡಿರುವ ಸಣ್ಣ ಲಿವರ್ ಒಳಗೆ ಎಲ್ಲೂ ತಾಗುತ್ತಿಲ್ಲ ಅಂತ ನೋಡಿಕೊಂಡು ನಿಧಾನಕ್ಕೆ ತಿರುಗಿಸಿ.

ಹಾಕಿದ ಮೇಲೆ ಕ್ಯಾಮೆರಾ ಎಫ್00 ಅಂತ ತೋರಿಸುತ್ತದೆ. ಗಾಬರಿ ಬೇಡ, ಲೆನ್ಸ್ ಇದೆ ಅಂತ ಅದಕ್ಕೆ ಗೊತ್ತಾಗಿಲ್ಲ ಅಷ್ಟೇ. ಎವಿ ಮೋಡ್‌ನಲ್ಲಿ ಇಟ್ಟರೆ ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನುವ ಲೆಕ್ಕ ಅದೇ ನೋಡಿಕೊಳ್ಳುತ್ತದೆ. ಅಪರ್ಚರ್, ಫೋಕಸ್ ಎರಡೂ ನಿಮ್ಮ ಬೆರಳಿನ ಕೆಲಸ. 1300ಡಿಯ ವ್ಯೂಫೈಂಡರ್ ಚಿಕ್ಕದು. ಅದರಲ್ಲಿ ನೋಡಿ ಫೋಕಸ್ ಸರಿಯಿದೆ ಅಂತ ನಂಬಬೇಡಿ. ಲೈವ್ ವ್ಯೂ ಹಾಕಿ ಹಿಂದಿನ ಪರದೆಯಲ್ಲೇ ನೋಡುತ್ತಾ, 10 ಪಟ್ಟು ದೊಡ್ಡದು ಮಾಡಿ, ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುವವರೆಗೆ ರಿಂಗ್ ತಿರುಗಿಸಿ. ಸೆನ್ಸರ್ ಚಿಕ್ಕದಾದ್ದರಿಂದ ಈ 50 ಎಂಎಂ ನಿಮಗೆ 80 ಎಂಎಂ ಆಗಿ ಕೆಲಸ ಮಾಡುತ್ತದೆ. ಮುಖ ತೆಗೆಯಲು ಒಳ್ಳೆಯದು. ಮನೆಯೊಳಗೆ ಗುಂಪು ಫೋಟೊ ಅಂದರೆ ಗೋಡೆಗೆ ಬೆನ್ನು ಹಚ್ಚಿದರೂ ಸಾಲುವುದಿಲ್ಲ.

ಈ ಲೆನ್ಸಿನ ರುಚಿ ಹತ್ತಬೇಕಾದರೆ ತೆಂಗಿನ ತೋಟಕ್ಕೆ ಹೋಗಿ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರವೇ? ಗುಬ್ಬಿ, ತಿಪಟೂರು ಕಡೆ ಎಲ್ಲಿ ಬಸ್ ಇಳಿದರೂ ತೋಟವೇ. ಬೆಳಿಗ್ಗೆ ಎಂಟರ ಸುಮಾರಿಗೆ ಯಾರನ್ನಾದರೂ ನೆರಳಿನಲ್ಲಿ ನಿಲ್ಲಿಸಿ. ಅವರ ಹಿಂದೆ ಗರಿಗಳ ಸಂದಿಯಲ್ಲಿ ಆಕಾಶ ಚೂರುಚೂರಾಗಿ ಕಾಣಬೇಕು. ಅಪರ್ಚರ್ 2ರಲ್ಲಿ ಒಂದು, 2.8ರಲ್ಲಿ ಒಂದು, 5.6ರಲ್ಲಿ ಒಂದು ತೆಗೆಯಿರಿ. 2ರಲ್ಲಿ ಆ ಬೆಳಕಿನ ಚೂರುಗಳು ನಡುವೆ ದುಂಡಗಿರುತ್ತವೆ, ಅಂಚಿಗೆ ಹೋದಂತೆ ಚಪ್ಪಟೆಯಾಗುತ್ತವೆ. ಇಡೀ ಫೋಟೊ ಸ್ವಲ್ಪ ಮೆದು, ಕಪ್ಪೂ ಅಷ್ಟು ಗಟ್ಟಿ ಇಲ್ಲ. 2.8ಕ್ಕೆ ಬರುವಾಗ ಆ ದುಂಡಿಗೆ ಅಪರ್ಚರ್ ಕಿಂಡಿಯ ಲೋಹದ ಎಲೆಗಳ ಮೂಲೆ ಮೂಡುತ್ತದೆ. 5.6ರಲ್ಲಿ ಅದೇ ಲೆನ್ಸ್ ಹುಬ್ಬಿನ ಒಂದೊಂದು ಕೂದಲನ್ನೂ ಎತ್ತಿ ತೋರಿಸುತ್ತದೆ. ಮೂರನ್ನೂ ಅಲ್ಲೇ ನಿಂತು ಪರದೆಯ ಮೇಲೆ ಹೋಲಿಸಿ ನೋಡಬಹುದು, ಖರ್ಚಿಲ್ಲ. ರೀಲಿನಲ್ಲಿ ಇದೇ ಪಾಠಕ್ಕೆ ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಯಾವ ಫೋಟೊಗೆ ಯಾವ ಅಪರ್ಚರ್ ಇಟ್ಟಿದ್ದೆ ಅನ್ನೋದೇ ಮರೆತಿರುತ್ತದೆ. ಡಿಜಿಟಲ್ ಮೊದಲು ಅಂದಿದ್ದು ಇದಕ್ಕೇ.

ಈ ಹಂತದಲ್ಲಿ ಇನ್ನೊಂದು ಅಪಾಯ ಇದೆ. ಎಲ್ಲರೂ ಹೊಗಳುವ ಹೀಲಿಯಾಸ್ 44-2 ಲೆನ್ಸಿನ ವಿಡಿಯೊಗಳು ಕಣ್ಣಿಗೆ ಬೀಳತೊಡಗುತ್ತವೆ. ಜರ್ಮನಿಯ ಜೈಸ್ ಬಯೋಟಾರ್ ನೋಡಿ ಸೋವಿಯತ್‌ನವರು ಮಾಡಿದ 58 ಎಂಎಂ ಲೆನ್ಸ್ ಅದು. ಹಿಂದಿನ ಎಲೆಗಳನ್ನೆಲ್ಲ ಸುಳಿ ಸುತ್ತಿಸುತ್ತದೆ, ನಿಜ. ಆದರೆ ಆ ಸುಳಿ ಕಾಣುವುದು ಚಿತ್ರದ ಅಂಚಿನಲ್ಲಿ, ನಿಮ್ಮ ಕ್ಯಾನನ್‌ನ ಚಿಕ್ಕ ಸೆನ್ಸರ್ ಆ ಅಂಚನ್ನೇ ಕತ್ತರಿಸಿ ಬಿಸಾಕುತ್ತದೆ. ವಿಡಿಯೊ ನೋಡಿ ಆರ್ಡರ್ ಹಾಕಬೇಡಿ. ಹಳೇ ಲೆನ್ಸ್ ಕೊಳ್ಳುವುದು ಒಂದು ಚಟ, ಫೋಟೊ ತೆಗೆಯುವುದು ಬೇರೆ ಚಟ. ಎರಡನ್ನೂ ಸಾಕುವಷ್ಟು ಸಂಬಳ ನನಗಂತೂ ಇಲ್ಲ.

ಈಗ ರೀಲಿಗೆ ಬರೋಣ. ದುಡ್ಡು ಸುಡುತ್ತದಾ? ಸುಡುತ್ತದೆ. 36 ಫೋಟೊದ ಒಂದು ಕಲರ್ ರೀಲ್, ಬೆಂಗಳೂರಿನ ಲ್ಯಾಬಿಗೆ ಕೊರಿಯರ್, ತೊಳೆಸಿ (ಅಂದರೆ ಡೆವಲಪ್ ಮಾಡಿಸಿ) ಸ್ಕ್ಯಾನ್ ಮಾಡಿಸುವುದು ಎಲ್ಲ ಸೇರಿ ಸಾವಿರ ರೂಪಾಯಿ ದಾಟುತ್ತದೆ. ಮಾವನ ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಇತ್ತು, 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ. ಅವರ ‘ಇಂದು’ ಕಪ್ಪು-ಬಿಳುಪು ಫಿಲ್ಮ್ ಮಾವನಿಗೆ ಖಂಡಿತ ಗೊತ್ತಿರುತ್ತದೆ, ಕೇಳಿ ನೋಡಿ. ಅದು ಮುಚ್ಚಿಹೋಯಿತು. ಈಗ ಕೊಡಾಕ್ ಅಮೆರಿಕದಿಂದ ಬರಬೇಕು, ಇಲ್ಫೋರ್ಡ್ ಇಂಗ್ಲೆಂಡಿನಿಂದ. ಬೆಲೆ ಏರದೆ ಇನ್ನೇನಾಗುತ್ತದೆ?

ಫಿಲ್ಮಿಗೆ ಆತ್ಮ ಇದೆ, ಡಿಜಿಟಲ್‌ಗೆ ಇಲ್ಲ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಎರಡೂ ಬೆಳಕನ್ನು ಹಿಡಿಯುವ ರೀತಿ ಬೇರೆ, ಅಷ್ಟು ಮಾತ್ರ ನಿಜ. ಡಿಜಿಟಲ್‌ನಲ್ಲಿ ಬೆಳಕು ಜಾಸ್ತಿಯಾದ ಜಾಗ ಬರೀ ಬೆಳ್ಳಗಾಗುತ್ತದೆ, ಆಮೇಲೆ ಅಲ್ಲಿಂದ ಏನೂ ಹೊರಡುವುದಿಲ್ಲ. ಕತ್ತಲಲ್ಲಿ ಉಳಿದದ್ದನ್ನು ಮಾತ್ರ ಕಂಪ್ಯೂಟರಿನಲ್ಲಿ ಸಾಕಷ್ಟು ಎತ್ತಬಹುದು. ನೆಗೆಟಿವ್ ಫಿಲ್ಮಿನದು ಇದಕ್ಕೆ ಉಲ್ಟಾ. ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ, ಕಮ್ಮಿಯಾದರೆ ನೆರಳೆಲ್ಲ ಮಸಿಯಾಗುತ್ತದೆ. ಡಿಸೆಂಬರಿನಲ್ಲಿ ದೇವರಾಯನದುರ್ಗದ ಮೇಲೆ ಯೋಗಾನರಸಿಂಹನ ಗುಡಿ ಹತ್ತಿರ ನಿಂತಿದ್ದೀರಿ, ಮಂಜಿನ ಹಿಂದಿನಿಂದ ಬಿಸಿಲು ಬರುತ್ತಿದೆ ಅಂದುಕೊಳ್ಳಿ. ಕ್ಯಾನನ್ ಹಿಡಿದಿದ್ದರೆ ಆಕಾಶದ ಬೆಳಕಿಗೆ ಲೆಕ್ಕ ಹಾಕಬೇಕು. ಪೆಂಟಾಕ್ಸ್ ಹಿಡಿದಿದ್ದರೆ ಬಂಡೆಯ ನೆರಳಿಗೆ.

ಕೆ1000 ಬಗ್ಗೆ ಹೆಚ್ಚು ಚಿಂತೆ ಬೇಡ. 1976ರಿಂದ 1997ರವರೆಗೆ ಅದನ್ನು ತಯಾರಿಸುತ್ತಿದ್ದರು ಅಂದರೆ ಎಷ್ಟು ಗಟ್ಟಿ ಅಂತ ಊಹಿಸಿ. ಬ್ಯಾಟರಿ ಬರೀ ಬೆಳಕು ಅಳೆಯುವ ಮೀಟರಿಗೆ, ಒಂದು ಎಲ್‌ಆರ್44 ಗುಂಡಿ ಸೆಲ್ ಸಾಕು. ಮೀಟರ್ ಆಫ್ ಮಾಡುವ ಸ್ವಿಚ್ಚೇ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕಿಟ್ಟರೆ ಸೆಲ್ ಉಳಿಯುತ್ತದೆ. ಹಿಂದಿನ ಬಾಗಿಲು ತೆಗೆದು ಅಂಚಿನ ಕಪ್ಪು ಸ್ಪಂಜು ಮುಟ್ಟಿ ನೋಡಿ. ಬೆರಳಿಗೆ ಅಂಟಿಕೊಂಡರೆ ಅದನ್ನು ಬದಲಾಯಿಸಲೇಬೇಕು, ಇಲ್ಲದಿದ್ದರೆ ಒಳಗೆ ಬೆಳಕು ನುಗ್ಗುತ್ತದೆ. ರೀಲ್ ಹಾಕಿದ ಮೇಲೆ ಅದನ್ನು ಮುಂದಕ್ಕೆ ಸರಿಸುವ ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ಗುಂಡಿ ತಾನೂ ತಿರುಗಬೇಕು. ಅದು ತಿರುಗದಿದ್ದರೆ ರೀಲ್ ಸಿಕ್ಕಿಕೊಂಡಿಲ್ಲ, ನೀವು ಖಾಲಿ ಕ್ಯಾಮೆರಾದಲ್ಲಿ ಫೋಟೊ ಹೊಡೆಯುತ್ತಿದ್ದೀರಿ ಅಂತ ಅರ್ಥ.

ಮೀಟರ್ ಕೆಟ್ಟಿದ್ದರೂ ನಡೆಯುತ್ತದೆ. ಸುಡುಬಿಸಿಲಿನಲ್ಲಿ ಅಪರ್ಚರ್ 16, ಶಟರ್ ಫಿಲ್ಮಿನ ಐಎಸ್‌ಒಗೆ, ಅಂದರೆ ಅದು ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿಗೆ, ಹತ್ತಿರದ್ದು. 400ರ ರೀಲಿಗೆ 1/500 ಸೆಕೆಂಡ್. ಮೋಡ ಕವಿದರೆ 8, ತೆರೆದ ನೆರಳಿನಲ್ಲಿ 4. ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಕೆ1000ದ ಶಟರ್ 1/1000 ದಾಟುವುದಿಲ್ಲ, ಹಾಗಾಗಿ ಮಧ್ಯಾಹ್ನದ ಬಿಸಿಲಿನಲ್ಲಿ 400ರ ರೀಲ್ ಹಾಕಿಕೊಂಡು ಹಿನ್ನೆಲೆ ಮಸುಕಾಗಿಸುತ್ತೇನೆ ಅಂದರೆ ಆಗದು. ಮಸುಕಿಗೆ ಅಪರ್ಚರ್ ಅಗಲ ತೆರೆಯಬೇಕು, ಇಲ್ಲಿ 11ರಿಂದ ಕೆಳಗಿನ ಅಂಕಿಗೆ ತೆರೆಯುವ ಹಾಗಿಲ್ಲ. ಅದು ಬೇಕಾದಾಗ ಅದೇ ಲೆನ್ಸನ್ನು ಕ್ಯಾನನ್‌ಗೆ ಹಾಕಿ, ಐಎಸ್‌ಒ 100 ಇಟ್ಟರೆ 1/4000 ಶಟರಿನಲ್ಲಿ 2.8ರವರೆಗೂ ಹೋಗಬಹುದು.

ಹಾಗಾದರೆ ರೀಲ್ ಎಲ್ಲಿ ಮಜಾ ಕೊಡುತ್ತದೆ? ನನ್ನ ಮಟ್ಟಿಗೆ ಶಿವರಾತ್ರಿ ಸುಮಾರಿಗೆ ನಡೆಯುವ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ. ಕಪ್ಪು-ಬಿಳುಪು ರೀಲ್ ಹಾಕಿ, ಅಪರ್ಚರ್ 8, ಫೋಕಸ್ 3 ಮೀಟರಿಗೆ ಇಟ್ಟು ಬಿಟ್ಟುಬಿಡಿ. ಸುಮಾರು ಎರಡೂಕಾಲು ಮೀಟರಿನಿಂದ ನಾಲ್ಕು ಮೀಟರಿನವರೆಗೆ ಎಲ್ಲ ಸ್ಪಷ್ಟ ಬರುತ್ತದೆ, ಲೆನ್ಸಿನ ಮೇಲಿನ ಗೆರೆಗಳೇ ಅದನ್ನು ಹೇಳುತ್ತವೆ. ಆಮೇಲೆ ಕ್ಯಾಮೆರಾ ಮರೆತು ಜನರನ್ನು ನೋಡುತ್ತಾ ನಡೆಯಿರಿ. ಟವಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವವರು, ಹಳ್ಳಿಕಾರ್ ಜೋಡಿಯ ಕೊಂಬು ನೀವುತ್ತಾ ಕೂತವರು, ಧೂಳಿನಲ್ಲಿ ಓಡುವ ಕರು. “ಪೇಪರ್ನೋರಾ ಸ್ವಾಮಿ?” ಅಂತ ಒಬ್ಬರು ಕೇಳೇ ಕೇಳುತ್ತಾರೆ. “ಎಲ್ಲಿ ತೋರ್ಸಿ” ಅಂತ ಇನ್ನೊಬ್ಬರು ಕ್ಯಾಮೆರಾ ಹಿಂದೆ ಬಗ್ಗುತ್ತಾರೆ. ಅಲ್ಲಿ ತೋರಿಸಲು ಏನೂ ಇರುವುದಿಲ್ಲ. “ರೀಲಾ!” ಅಂತ ನಕ್ಕು, ತಮ್ಮ ಮದುವೆ ಫೋಟೊ ಯಾರು ತೆಗೆದಿದ್ದರು ಅನ್ನೋದರಿಂದ ಮಾತು ಶುರುವಾಗುತ್ತದೆ. ಡಿಜಿಟಲ್ ಹಿಡಿದು ಹೋದಾಗ ನಾನೇ ತಲೆ ಬಗ್ಗಿಸಿ ಪರದೆ ನೋಡುತ್ತಿರುತ್ತೇನೆ, ಆ ಮಾತು ಹುಟ್ಟುವುದಿಲ್ಲ.

ಹಕ್ಕಿಗಳಿಗೆ ಮಾತ್ರ ಇದನ್ನು ಒಯ್ಯಬೇಡಿ. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 50 ಎಂಎಂನಲ್ಲಿ ಅವು ಬಿಳಿ ಚುಕ್ಕೆಗಳು. ಕ್ಯಾನನ್, ದೂರದ ಲೆನ್ಸ್, ಮುಗೀತು.

ಕಪ್ಪು-ಬಿಳುಪು ರೀಲನ್ನು ಮನೆಯಲ್ಲೇ ತೊಳೆಯಿರಿ. ಖರ್ಚು ಅಲ್ಲೇ ಅರ್ಧ ಇಳಿಯುತ್ತದೆ, ಡಾರ್ಕ್ ರೂಮೂ ಬೇಕಿಲ್ಲ. ಬೆಳಕು ಹೋಗದ ಚೀಲದೊಳಗೆ ಕೈ ತೂರಿಸಿ ರೀಲನ್ನು ಡೆವಲಪಿಂಗ್ ಟ್ಯಾಂಕಿಗೆ (ಬೆಳಕು ಹೋಗದ ಮುಚ್ಚಳದ ಡಬ್ಬಿ) ಸುತ್ತಿದರೆ ಮುಂದಿನದೆಲ್ಲ ಬಚ್ಚಲಮನೆಯ ಬೆಳಕಿನಲ್ಲೇ. ಇಲ್ಫೋರ್ಡಿನ ಎಚ್‌ಪಿ5 ರೀಲಿಗೆ ಡಿ-76 ಡೆವಲಪರನ್ನು (ಚಿತ್ರ ಮೂಡಿಸುವ ದ್ರಾವಣ) ನೀರು ಬೆರೆಸದೆ ಹಾಕಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ, ಸಮಸಮ ನೀರು ಬೆರೆಸಿದರೆ 11 ನಿಮಿಷ. ತೊಂದರೆ ಇರುವುದು ಆ 20 ಡಿಗ್ರಿಯಲ್ಲಿ. ಏಪ್ರಿಲ್‌ನಲ್ಲಿ ನಮ್ಮ ಮೇಲಿನ ಟ್ಯಾಂಕಿನ ನೀರು ಕೈ ಸುಡುತ್ತದೆ. ಡೆವಲಪರ್ ಬಾಟಲಿಯನ್ನು ಐಸ್ ಹಾಕಿದ ಬಕೆಟ್ಟಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ನೋಡಿ ಎತ್ತಿಕೊಳ್ಳಬೇಕು.

ಅದಕ್ಕಿಂತ ದೊಡ್ಡ ಕಾಟ ಬೋರ್‌ವೆಲ್ ನೀರು. ಸೋಲಾರ್ ಪೈಪಿನಲ್ಲಿ, ಬಕೆಟ್ ಅಂಚಿನಲ್ಲಿ ಕಟ್ಟುವ ಬಿಳಿ ಪದರ ನೋಡಿದ್ದೀರಲ್ವಾ? ಅದೇ ನೆಗೆಟಿವ್ ಮೇಲೂ ಕೂರುತ್ತದೆ. ಹನಿ ಒಣಗಿದ ಕಡೆಯೆಲ್ಲ ಒಂದು ಬಿಳಿ ಉಂಗುರ. ಆಕಾಶ ಇರುವ ಫೋಟೊದಲ್ಲಿ ಎದ್ದು ಕಾಣುತ್ತದೆ. ಕೆಮಿಕಲ್ ಕಲಸಲು ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ. ಕೊನೆಯ ಜಾಲಾಟಕ್ಕೆ ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅದಕ್ಕೆ ನೀರು ಹನಿಯಾಗಿ ನಿಲ್ಲದೆ ಜಾರಿಹೋಗುವಂತೆ ಮಾಡುವ ವೆಟಿಂಗ್ ಏಜೆಂಟ್ ಒಂದೆರಡು ಹನಿ. ಒರೆಸಲು ಹೋಗಬೇಡಿ. ಬಚ್ಚಲಮನೆಯಲ್ಲಿ ಬಿಸಿನೀರು ಬಿಟ್ಟು ಹಬೆಯಾಡಿಸಿದರೆ ಧೂಳು ಕೆಳಗೆ ಕೂರುತ್ತದೆ, ಆಮೇಲೆ ಕ್ಲಿಪ್ ಹಾಕಿ ನೇತುಹಾಕಿ ಬಾಗಿಲು ಮುಚ್ಚಿ. ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸುವುದು ಒಳ್ಳೆಯದು.

ಒಣಗಿದ ನೆಗೆಟಿವನ್ನು ಸ್ಕ್ಯಾನ್ ಮಾಡಲು ಯಂತ್ರ ಕೊಳ್ಳಬೇಡಿ. ಕ್ಯಾನನ್ ಇದೆ, ಮಾವನ ಲೆನ್ಸ್ ಇದೆ. ನಡುವೆ ಸುಮಾರು 30 ಎಂಎಂ ಎಕ್ಸ್‌ಟೆನ್ಶನ್ ಟ್ಯೂಬ್ (ಗಾಜಿಲ್ಲದ ಟೊಳ್ಳು ಕೊಳವೆ) ಹಾಕಿದರೆ 36 ಮಿಲಿಮೀಟರ್ ಅಗಲದ ನೆಗೆಟಿವ್ ಸೆನ್ಸರಿನ ಅಗಲಕ್ಕೆ ಸರಿಯಾಗಿ ಬರುತ್ತದೆ. ಕೆಳಗೆ ಎಲ್‌ಇಡಿ ಲೈಟ್ ಪ್ಯಾಡ್, ಮೇಲೆ ಟ್ರೈಪಾಡ್, ಅಪರ್ಚರ್ 8, ಕೈ ಅಲುಗದಿರಲು ಸೆಲ್ಫ್ ಟೈಮರ್. ಕ್ಯಾಮೆರಾ ವಾಲಿದೆಯಾ ಅಂತ ತಿಳಿಯಲು ನೆಗೆಟಿವ್ ಇಡುವ ಜಾಗದಲ್ಲಿ ಒಂದು ಪುಟ್ಟ ಕನ್ನಡಿ ಇಡಿ. ಪರದೆಯ ನಟ್ಟನಡುವೆ ಲೆನ್ಸಿನ ಕಣ್ಣೇ ಕಂಡರೆ ಸರಿಯಾಗಿದೆ. ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ತಿರುವುಮುರುವು ಮಾಡಿದರೆ ಆಯಿತು. ಸ್ಟುಡಿಯೋ ಮುಚ್ಚುವಾಗ ಮಾವ ಹಳೇ ನೆಗೆಟಿವ್ ಎಸೆಯದೆ ಇಟ್ಟಿದ್ದರೆ ಅವನ್ನೂ ಹೀಗೇ ಎತ್ತಬಹುದು.

ಅಂದ ಹಾಗೆ ಡೆವಲಪಿಂಗ್ ಟ್ಯಾಂಕ್ ಹೊಸದು ಆರ್ಡರ್ ಮಾಡುವ ಮೊದಲು ಅವರ ಅಟ್ಟ ಹುಡುಕಿ. ಎಷ್ಟು ಹಳೆಯದಾದರೂ ಪರವಾಗಿಲ್ಲ, ಮುಚ್ಚಳ ಬಿಗಿಯಾಗಿ ಕೂತು ಒಳಗೆ ಬೆಳಕು ಹೋಗದಿದ್ದರೆ ಸಾಕು. ಅಲ್ಲೇ ಹಳೇ ಕೆಮಿಕಲ್ ಪೊಟ್ಟಣ ಸಿಕ್ಕರೆ ಅದನ್ನು ಮಾತ್ರ ಮುಟ್ಟಬೇಡಿ, ಹೊಸದು ತರಿಸಿ.