ಹತ್ತು ಸಿನಿಮಾ, ಐದು ಜನ, ಒಂದು ಪಟ್ಟಿ

ಮಂಡ್ಯದ ವಿದ್ಯಾನಗರದಿಂದ ಓದುಗರೊಬ್ಬರು ಬರೆದ ಪತ್ರದ ಸಾರಾಂಶ: ಅವರೂ ಮೈಸೂರಿನ ಸರಸ್ವತಿಪುರಂನಲ್ಲಿರುವ ಅವರ ಗೆಳೆಯರೂ ತಮ್ಮ ಮೆಚ್ಚಿನ ಹತ್ತು ಕನ್ನಡ ಸಿನಿಮಾಗಳ ಪಟ್ಟಿ ಬರೆದು ಒಬ್ಬರಿಗೊಬ್ಬರು ಕೊಟ್ಟಿದ್ದಾರೆ. ಎರಡರಲ್ಲೂ ಇರುವುದು ‘ಕಸ್ತೂರಿ ನಿವಾಸ’ ಒಂದೇ. ‘ಪುಟ್ಟಣ್ಣ ಇಲ್ಲದ ಪಟ್ಟಿ ಪಟ್ಟಿಯೇ ಅಲ್ಲ’ ಎನ್ನುವುದು ಗೆಳೆಯರ ವಾದ. ಕಾಸರವಳ್ಳಿಯವರ ನಾಲ್ಕು ಚಿತ್ರಗಳನ್ನೂ ‘ತಿಥಿ’ಯನ್ನೂ ಬಿಟ್ಟುಕೊಡಲಾರೆ ಎನ್ನುವುದು ಇವರ ಪಟ್ಟು. ಇನ್ನೂ ಮೂವರನ್ನು ಸೇರಿಸಿಕೊಂಡು ಐವರ ಒಂದೇ ಪಟ್ಟಿ ಮಾಡುವ ಆಸೆಯೂ ಇದೆ. ಯಾರ ಪಟ್ಟಿ ಸರಿ, ಐದನ್ನು ಒಂದು ಮಾಡುವುದು ಹೇಗೆ ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ, ನಮಸ್ಕಾರ.

ಇಬ್ಬರೂ ಒಪ್ಪಿದ ‘ಕಸ್ತೂರಿ ನಿವಾಸ’ದಿಂದಲೇ ಶುರು ಮಾಡೋಣ. ಆ ಚಿತ್ರದ ಬೆಳಕು-ನೆರಳು ನಿಮ್ಮನ್ನು ಹಿಡಿದಿಟ್ಟಿದೆ, ಗೆಳೆಯರಿಗೆ ಅದರಲ್ಲಿ ಅಂಥದ್ದೇನೂ ಕಾಣಲಿಲ್ಲ ಎಂದು ಬರೆದಿದ್ದೀರಿ. ನೀವು ನೋಡಿದ್ದು 1971ರ ಕಪ್ಪು-ಬಿಳುಪು ಪ್ರತಿ. ಅವರು ನೋಡಿದ್ದು 2014ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದ್ದು. ಕಪ್ಪು-ಬಿಳುಪಿಗೆಂದು ಲೈಟಿಂಗ್ ಮಾಡುವಾಗ ಮುಖವನ್ನು ಹಿನ್ನೆಲೆಯಿಂದ ಬಿಡಿಸಿ ತೋರಿಸುವುದು ಬೂದಿಬಣ್ಣದ ತಿಳಿ-ಗಾಢ ಛಾಯೆಗಳು. ಅದರ ಮೇಲೆ ಬಣ್ಣ ಬಂತೆಂದರೆ ಕಣ್ಣು ಸೀರೆಗೆ, ಗೋಡೆಗೆ, ಕಿಟಕಿಯ ಪರದೆಗೆ ಓಡುತ್ತದೆ. ನೀವಿಬ್ಬರೂ ಒಂದೇ ಹೆಸರಿನ ಎರಡು ಚಿತ್ರಗಳ ಬಗ್ಗೆ ವಾದ ಮಾಡಿದ್ದೀರಿ. ಅಲ್ಲಿ ಯಾರೂ ಸೋಲುವುದಿಲ್ಲ, ಯಾರೂ ಗೆಲ್ಲುವುದೂ ಇಲ್ಲ.

ಆದ್ದರಿಂದ ಪಟ್ಟಿಯ ಪ್ರತಿ ಹೆಸರಿನ ಮುಂದೆ ಮೂರು ವಿಷಯ ಬರೆಯಿರಿ: ಕೊನೆಯ ಸಲ ನೋಡಿದ ವರ್ಷ, ನೋಡಿದ್ದು ಎಲ್ಲಿ (ಥಿಯೇಟರ್, ಟಿವಿ, ಸಿಡಿ, ಯೂಟ್ಯೂಬ್), ಮತ್ತು ಯಾವ ದೃಶ್ಯಕ್ಕಾಗಿ ಆ ಚಿತ್ರ ಅಲ್ಲಿದೆ.

‘ಎಲ್ಲಿ’ ಎನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫಿಲ್ಮ್ ಓಡುವುದು ಸೆಕೆಂಡಿಗೆ 24 ಫ್ರೇಮ್. ನಮ್ಮ ಹಳೆಯ ಟಿವಿ ಪದ್ಧತಿ 25 ಫ್ರೇಮಿನದು. ಹೊಂದಿಸಲು ಚಿತ್ರವನ್ನೇ ಕೊಂಚ ವೇಗವಾಗಿ ಓಡಿಸುತ್ತಿದ್ದರು. ಹಾಗಾಗಿ 150 ನಿಮಿಷದ ಚಿತ್ರ ಕ್ಯಾಸೆಟ್‌ನಲ್ಲೋ ಸಿಡಿಯಲ್ಲೋ 144 ನಿಮಿಷಕ್ಕೇ ಮುಗಿದಿದ್ದರೆ ಆರು ನಿಮಿಷದ ದೃಶ್ಯ ಕತ್ತರಿಸಿದ್ದಾರೆ ಎಂದೇ ಅಲ್ಲ. ಏನೂ ಕತ್ತರಿಸದೆಯೂ ಅಷ್ಟು ಕಡಿಮೆಯಾಗುತ್ತದೆ, ದನಿಗಳು ಚೂರು ಕೀರಲಾಗುತ್ತವೆ. ಇದಕ್ಕಿಂತ ದೊಡ್ಡ ನಷ್ಟ ಚೌಕಟ್ಟಿನದು. ಅಗಲ ಚೌಕಟ್ಟಿನ ಸಿನಿಮಾಸ್ಕೋಪ್ ಚಿತ್ರವನ್ನು ಹಳೆಯ ಟಿವಿಯ ಪರದೆ ತುಂಬುವಂತೆ ಹಿಗ್ಗಿಸಿದರೆ ಎರಡೂ ಬದಿ ಸೇರಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಚಿತ್ರ ಹೋಗುತ್ತದೆ. ಮಾತನಾಡುವ ಇಬ್ಬರಲ್ಲಿ ಒಬ್ಬರೇ ಕಾಣುವುದು ಅದಕ್ಕೇ. ಈಗ ಉಲ್ಟಾ ಕಾಟ: ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ಅಗಲ ಪರದೆಗೆ ಹೊಂದಿಸಲು ಮೇಲೆ-ಕೆಳಗೆ ಸುಮಾರು ಕಾಲು ಭಾಗ ಕತ್ತರಿಸಿ ಯೂಟ್ಯೂಬಿಗೆ ಹಾಕುತ್ತಾರೆ. ಹಣೆ ಕತ್ತರಿಸಿಹೋದ ಕ್ಲೋಸಪ್ ನೋಡಿ ನಿರ್ದೇಶಕನಿಗೆ ಫ್ರೇಮ್ ಇಡಲು ಬರುತ್ತಿರಲಿಲ್ಲ ಎಂದುಬಿಡುವುದು ಅನ್ಯಾಯ.

ಇನ್ನು ಪುಟ್ಟಣ್ಣ ಮತ್ತು ಕಾಸರವಳ್ಳಿ. ಹೆಸರಿಗೆ ಹೆಸರು ಒಡ್ಡಿದರೆ ಈ ವಾದ ಮುಂದಿನ ದಸರೆಯವರೆಗೂ ಮುಗಿಯದು. ದೃಶ್ಯಕ್ಕೆ ಇಳಿಯಿರಿ. ‘ನಾಗರಹಾವು’ ಯಾಕೆ ಬೇಕು ಎಂದು ಗೆಳೆಯರನ್ನು ಕೇಳಿ. ‘ಬಾರೇ ಬಾರೇ’ ಹಾಡಿನ ನಿಧಾನಗತಿ ಎಂದರೆ ಅದು ಗಟ್ಟಿ ಉತ್ತರ. ಸೆಕೆಂಡಿಗೆ 48 ಫ್ರೇಮ್‌ನಲ್ಲಿ ಚಿತ್ರೀಕರಿಸಿ 24ರಲ್ಲಿ ತೋರಿಸಿದರೆ ಚಲನೆ ಅರ್ಧವೇಗಕ್ಕೆ ಇಳಿಯುತ್ತದೆ. ಹಾಗೆ ತೆಗೆದ ಹಾಡಿಗೆ ತುಟಿ ಕೂಡಬೇಕಾದರೆ ಸೆಟ್ಟಿನಲ್ಲಿ ಹಾಡನ್ನು ದುಪ್ಪಟ್ಟು ವೇಗದಲ್ಲಿ ನುಡಿಸಿ, ನಟರು ಆ ವೇಗಕ್ಕೇ ತುಟಿ ಆಡಿಸಬೇಕು. 1972ರಲ್ಲಿ ಒಂದು ಹಾಡಿಗೆ ನಿಧಾನಗತಿಯನ್ನು ನೆಚ್ಚಿಕೊಳ್ಳಲು ಎದೆಗಾರಿಕೆ ಬೇಕಿತ್ತು. ನೀವು ‘ಘಟಶ್ರಾದ್ಧ’ದ ಪರ ನಿಂತರೆ ಕ್ಯಾಮೆರಾ ಹುಡುಗ ನಾಣಿಯ ಜೊತೆಗೇ ಇರುವುದನ್ನು ತೋರಿಸಿ. ಯಮುನಕ್ಕನಿಗೆ ಏನಾಗುತ್ತಿದೆ ಎನ್ನುವುದು ಅವನಿಗೆ ಪೂರ್ತಿ ತಿಳಿಯದು, ನಮಗೆ ತಿಳಿಯುತ್ತದೆ. ಚಿತ್ರದ ಸಂಕಟವೆಲ್ಲ ಇರುವುದು ಆ ಅಂತರದಲ್ಲಿ. ಮಾಸಿದ ಹಳೆಯ ಪ್ರತಿಯಲ್ಲಿ ಇದನ್ನು ನೋಡಿ ‘ಕತ್ತಲೆಯ ಸಿನಿಮಾ’ ಎಂದವರು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ, ಸರಿಪಡಿಸಿ ಹೊಸದಾಗಿಸಿದ ಪ್ರತಿ ಸಿಕ್ಕರೆ ತೀರ್ಪು ಬರೆಯುವ ಮುಂಚೆ ಅದನ್ನು ನೋಡಲಿ.

ಊರಿನ ಅಭಿಮಾನ ಪಟ್ಟಿಯೊಳಗೆ ಬರಬಾರದೇ ಎಂದೂ ಕೇಳಿದ್ದೀರಿ. ಬರಲಿ, ಆದರೆ ಬಾಯಿಬಿಟ್ಟು ಹೇಳಿ ಬರಲಿ. ‘ತಿಥಿ’ಯಲ್ಲಿ ಮಂಡ್ಯ ಸೀಮೆಯ ಹಳ್ಳಿಯ ಜನರೇ ತಮ್ಮ ಮಾತಿನಲ್ಲೇ ಮಾತಾಡುತ್ತಾರೆ. ಸೆಂಚುರಿ ಗೌಡನ ಬೈಗುಳದ ಲಯ ನಿಮಗೆ ದಕ್ಕುವಷ್ಟು ಬೇರೆ ಕಡೆಯವರಿಗೆ ದಕ್ಕದೆ ಇರಬಹುದು. ಪುಟ್ಟಣ್ಣ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ಮೈಸೂರಿನ ಗೆಳೆಯರಿಗೆ ಆ ಹೆಮ್ಮೆ ಇದ್ದರೆ ತಪ್ಪೇನು?

ಈಗ ಐವರ ಪಟ್ಟಿ. ಮೊದಲು ಒಬ್ಬೊಬ್ಬರೂ ಇಪ್ಪತ್ತೈದು ಹೆಸರು ಬರೆದುಕೊಳ್ಳಿ. ಒಂದಕ್ಕೊಂದು ಹೋಲಿಸುತ್ತ ಕೂತರೆ 300 ಜೋಡಿಯಾಗುತ್ತದೆ, ಯಾರಿಂದಲೂ ಆಗದು. ಖಚಿತವಾಗಿ ಬೇಕಾದ ಹತ್ತನ್ನು ಮೇಲಿಡಿ. ಉಳಿದ ಹದಿನೈದರಲ್ಲಿ ಒಂದೊಂದನ್ನೇ ಕೈಗೆತ್ತಿಕೊಂಡು, ಇದು ಒಳಗೆ ಬರಬೇಕಾದರೆ ಹತ್ತರಲ್ಲಿ ಯಾವುದು ಹೊರಗೆ ಹೋಗಬೇಕು ಎಂದು ಮಾತ್ರ ಕೇಳಿಕೊಳ್ಳಿ.

ಒಟ್ಟು ಮಾಡುವಾಗಲೇ ಹೆಚ್ಚಿನವರು ಎಡವುವುದು. ಮೊದಲ ಸ್ಥಾನಕ್ಕೆ 10 ಅಂಕ, ಹತ್ತನೆಯದಕ್ಕೆ 1 ಎಂದಿಟ್ಟುಕೊಳ್ಳಿ. ಒಂದು ಚಿತ್ರವನ್ನು ಇಬ್ಬರು ಮೊದಲ ಸ್ಥಾನದಲ್ಲಿಟ್ಟು ಮೂವರು ಮುಟ್ಟಲೇ ಇಲ್ಲ: 20 ಅಂಕ. ಇನ್ನೊಂದನ್ನು ಐವರೂ ಎಂಟನೆಯ ಸ್ಥಾನದಲ್ಲಿಟ್ಟರು: 15 ಅಂಕ. ಗೆದ್ದದ್ದು ಮೂವರಿಗೆ ಬೇಡವಾದ ಚಿತ್ರ. ಸ್ಥಾನ ಬಿಟ್ಟು ಚಿತ್ರಕ್ಕೊಂದೇ ಮತ ಎಂದರೆ ಎರಡನೆಯದಕ್ಕೆ ಐದು, ಮೊದಲನೆಯದಕ್ಕೆ ಎರಡು. ನಮ್ಮ ಸಲಹೆ ಒಂದೇ ಮತದ ಪದ್ಧತಿ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತದಾನದಲ್ಲೂ ಹತ್ತು ಹೆಸರಿಗೆ ಸಮಾನ ಮತ.

ಆದರೆ ಈ ಪದ್ಧತಿಗೂ ಒಂದು ಕುಂದಿದೆ, ನಿಮ್ಮ ಗೆಳೆಯರ ಆಕ್ಷೇಪಕ್ಕೆ ಉತ್ತರವೂ ಅಲ್ಲೇ ಇದೆ. ಐವರಿಗೂ ಪುಟ್ಟಣ್ಣ ಪ್ರಾಣ ಎಂದುಕೊಳ್ಳಿ. ಒಬ್ಬರು ‘ಗೆಜ್ಜೆಪೂಜೆ’, ಒಬ್ಬರು ‘ಶರಪಂಜರ’, ಒಬ್ಬರು ‘ನಾಗರಹಾವು’, ಒಬ್ಬರು ‘ರಂಗನಾಯಕಿ’, ಇನ್ನೊಬ್ಬರು ಬೇರೊಂದು ಬರೆದರೆ ಮತ ಒಡೆದು ಒಂದೂ ಒಳಗೆ ಬರುವುದಿಲ್ಲ. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ನಾಲ್ಕಕ್ಕೂ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂದಿರುವ ಕಾಸರವಳ್ಳಿಯವರಿಗೂ ಇದೇ ಗತಿ. ಪರಿಹಾರ: ಚಿತ್ರಗಳ ಎಣಿಕೆಯ ಪಕ್ಕದಲ್ಲೇ ನಿರ್ದೇಶಕರ ಎಣಿಕೆಯನ್ನೂ ಇಡಿ.

ಭಾಗ ಭಾಗವಾಗಿ ಬಂದ ಚಿತ್ರಗಳಿಗೆ ಮೊದಲೇ ನಿಯಮ ಮಾಡಿ. ‘ಸೈಟ್ ಅಂಡ್ ಸೌಂಡ್’ನ 2002ರ ಪಟ್ಟಿಯಲ್ಲಿ ‘ಗಾಡ್‌ಫಾದರ್’ನ ಎರಡು ಭಾಗಗಳನ್ನು ಒಂದಾಗಿ ಎಣಿಸಿದ್ದರಿಂದ ಮೊದಲ ಹತ್ತರಲ್ಲಿತ್ತು, 2012ರಲ್ಲಿ ಬೇರೆ ಬೇರೆ ಎಣಿಸಿದರು, ಎರಡೂ ಹತ್ತರಿಂದ ಹೊರಬಿದ್ದವು. ನಿಮ್ಮಲ್ಲಿ ಯಾರಾದರೂ ‘ಸಪ್ತ ಸಾಗರದಾಚೆ ಎಲ್ಲೋ’ ಬರೆದರೆ ಈ ತಕರಾರು ಎದ್ದೇ ಏಳುತ್ತದೆ. ನಮ್ಮ ಮಟ್ಟಿಗೆ ಟಿಕೆಟ್ ಎರಡಾದರೆ ಪಟ್ಟಿಯಲ್ಲಿ ಸಾಲೂ ಎರಡು.

ಸಮ ಮತ ಬಂದರೆ ಚೀಟಿ ಎತ್ತಬೇಡಿ. ಎರಡನ್ನೂ ಐವರೂ ನೋಡಿದ್ದೀರಾ ಎಂದು ಮೊದಲು ವಿಚಾರಿಸಿ. ಬಹಳ ಸಲ ಮತ ಬೀಳದಿರುವುದು ಇಷ್ಟವಿಲ್ಲದ್ದಕ್ಕಲ್ಲ, ನೋಡಿಲ್ಲದ್ದಕ್ಕೆ. ಹಾಗಾಗಿ ಒಬ್ಬರಾದರೂ ಬರೆದು ಉಳಿದವರು ನೋಡಿರದ ಚಿತ್ರಗಳನ್ನು ಬೇರೆ ಹಾಳೆಗೆ ಇಳಿಸಿ. ಐದು ಪಟ್ಟಿಗಳಿಂದ ನಿಮಗೆ ಆಗುವ ದೊಡ್ಡ ಲಾಭ ಆ ಹಾಳೆಯೇ. ಅವನ್ನೆಲ್ಲ ನೋಡಿ ಮುಗಿಸಿದ ಮೇಲೆ ಎರಡನೆಯ ಸುತ್ತಿನ ಮತ ಹಾಕಿ.

ಪಟ್ಟಿ ಸಿದ್ಧವಾದಾಗ ನಮಗೆ ಕಳುಹಿಸಿ. ಒಟ್ಟು ಪಟ್ಟಿಯ ಜೊತೆಗೆ ಐವರ ಬಿಡಿ ಪಟ್ಟಿಗಳನ್ನೂ, ಪ್ರತಿ ಚಿತ್ರಕ್ಕೆ ನೀವು ಬರೆದ ಆ ಒಂದು ದೃಶ್ಯವನ್ನೂ ಸೇರಿಸಿ ಪ್ರಕಟಿಸುತ್ತೇವೆ.

– ಸಂ.