ಸೊನ್ನೆ ಬಿದ್ದ ದಿನ

ಇದನ್ನು ಬರೆಯಲು ಎರಡು ಕಾರಣ. ಒಂದು, ಇದೇ ಕಥೆ ಬೇರೆ ಬೇರೆ ಮುಖ ಹೊತ್ತು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದೆ. ಇನ್ನೊಂದು, ಈ ಸಲ ಮೊದಲೆರಡು ಭೇಟಿಯಲ್ಲಿ ತಪ್ಪು ಮಾಡಿದ್ದು ನಾನು. ನನ್ನ ಹತ್ತಿರ ಆತ್ಮಿಕ ಸಲಹೆಗೆ ಬಂದ ಆ ತಂಗಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ ಮೂವತ್ತರ ಆಸುಪಾಸು. ಹುಬ್ಬಳ್ಳಿಯವರು. ಶಾಲೆಯಲ್ಲಿ ಟೀಚರ್. ಗಂಡನದು ಪಾಳಿ ಕೆಲಸ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು, ಚಿಕ್ಕವನಿಗೆ ಆಗ ಒಂದೂವರೆ ವರ್ಷ. ಹುಟ್ಟಿನಿಂದ ಕ್ರೈಸ್ತರು. ಮದುವೆಯಾದ ಮೇಲೆ ಒಂದು ಪ್ರಾರ್ಥನೆ ಗುಂಪು ಸೇರಿದ್ದರು. ಚಿಗರಿ ಬಸ್ಸು ಹಿಡಿದು ಧಾರವಾಡದ ನನ್ನ ಕೋಣೆಗೆ ಬಂದವರು ಕೂರುವ ಮೊದಲೇ ಹೇಳಿದರು: "ಅಕ್ಕಾರ, ನಾ ಆತ್ಮಿಕವಾಗಿ ಬೆಳ್ಯಾಕತ್ತಿಲ್ರಿ. ಒಣಗೇನಿ."

ಆಮೇಲೆ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು.

ಸ್ಕೇಲು ಹಿಡಿದು ಗೆರೆ ಎಳೆದ ಪುಟಗಳು. ದಿನಾಂಕ, ಎದ್ದ ಹೊತ್ತು, ಪ್ರಾರ್ಥನೆ ಎಷ್ಟು ನಿಮಿಷ, ಸತ್ಯವೇದ (ಬೈಬಲ್) ಎಷ್ಟು ಅಧ್ಯಾಯ, ಉಪವಾಸ ಇತ್ತೋ ಇಲ್ಲವೋ, ಯಾರಿಗಾದರೂ ತಮ್ಮ ವಿಶ್ವಾಸದ ಸಾಕ್ಷಿ ಹೇಳಿದರೋ ಇಲ್ಲವೋ. ಕೊನೆಯ ಕಾಲಂನಲ್ಲಿ ಹತ್ತಕ್ಕೆ ಇಷ್ಟು ಅಂತ ಅಂಕ. ಟೀಚರ್ ಅಲ್ವಾ, ಕೆಂಪು ಪೆನ್ನಿನಲ್ಲೇ ಹಾಕಿದ್ದರು. ಮೊದಲ ಪುಟಗಳಲ್ಲಿ ಏಳು, ಎಂಟು, ಒಂಬತ್ತು. ಈಚೆಗೆ ಮೂರು, ಎರಡು. ಒಂದು ದಿನಕ್ಕೆ ಸೊನ್ನೆ. ಆ ಸೊನ್ನೆಯ ಸುತ್ತ ಇನ್ನೊಂದು ಸುತ್ತು.

ಗುಂಪಿನವರು ಬೆಳಗಿನ ನಾಲ್ಕಕ್ಕೆ ಏಳಬೇಕು. ಓದು, ಪ್ರಾರ್ಥನೆ ಆದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ "ಮುಗೀತು" ಅಂತ ಹಾಕಿ ಕೈ ಮುಗಿದ ಚಿತ್ರ ಒತ್ತಬೇಕು. ವರ್ಷಕ್ಕೊಮ್ಮೆ ಇಡೀ ಸತ್ಯವೇದ ಮುಗಿಸುವುದು ಪದ್ಧತಿ. 66 ಪುಸ್ತಕ, 1189 ಅಧ್ಯಾಯ, ಅಂದರೆ ದಿನಕ್ಕೆ ಮೂರೋ ನಾಲ್ಕೋ. ಈಕೆ ಎರಡು ಸಲ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದರು.

ನಾನೇನು ಮಾಡಿದೆ? ಮೊದಲ ಭೇಟಿಯಲ್ಲಿ, ಸ್ವಲ್ಪ ಇಳಿಸ್ರಿ ಅಂದೆ. ನಾಲ್ಕಲ್ಲ, ಐದೂವರೆಗೆ ಏಳಿ. ನಾಲ್ಕು ಅಧ್ಯಾಯ ಬೇಡ, ಒಂದು ಸಾಕು. ಅವರು ಖುಷಿಯಿಂದ ಹೋದರು. ಎರಡನೇ ಭೇಟಿಗೆ ಬಂದಾಗ ಏಳು ದಿನವೂ ಹತ್ತಕ್ಕೆ ಹತ್ತು. ಆದರೆ ಕಣ್ಣು ಹಾಗೇ ಗುಳಿ ಬಿದ್ದಿತ್ತು. "ಸರಳ ಪೇಪರಿಗೆ ಹತ್ತು ಬಂದ್ರ ಏನ್ ಉಪಯೋಗ್ರಿ" ಅಂದರು. ನಾನು ಅವರ ನೋಟ್‌ಬುಕ್ ಬಿಡಿಸಿರಲಿಲ್ಲ. ಅದಕ್ಕೆ ಚಿಕ್ಕ ಗೆರೆ ಹಾಕಿಕೊಟ್ಟಿದ್ದೆ ಅಷ್ಟೇ.

ಆಗಲೂ ನನಗೆ ತಿಳಿಯಲಿಲ್ಲ. ಹಿಂಗಾರಿ ಜೋಳದ ಕಥೆ ಶುರು ಮಾಡಿದೆ. ನನ್ನ ಅಪ್ಪ ಗದಗ ಕಡೆಯ ಎರೆ ಹೊಲದಲ್ಲಿ ದುಡಿದವರು. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರೆ ಮಣ್ಣು ಹಿಡಿದಿಟ್ಟ ಹಸಿ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಜೋಳ ತೆನೆ ಕಟ್ಟುತ್ತದೆ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ಹಸಿ ಇರುತ್ತದೆ ಅಂತ ಹೇಳಿ, ಚೆನ್ನಾಗಿ ಹೇಳಿದೆ ಅಂದುಕೊಂಡೆ. ನೋಡಿದರೆ ಆಕೆ ಬರೆದುಕೊಳ್ಳುತ್ತಿದ್ದರು. ಪುಟದ ತಲೆಗೆ "1" ಅಂತ ಹಾಕಿ ಪಕ್ಕದಲ್ಲಿ "ಹಿಂಗಾರಿ ಜೋಳ". ಎರಡನೇ ಪಾಯಿಂಟಿಗೆ ಪೆನ್ನು ಹಿಡಿದು ಕಾಯುತ್ತಿದ್ದರು.

ಮೂರನೇ ಭೇಟಿಯಲ್ಲಿ ನಾನು ಕಥೆ ಹೇಳಲಿಲ್ಲ. ನೋಟ್‌ಬುಕ್ ಕೇಳಿ ಇಸಿದುಕೊಂಡೆ. ಸೊನ್ನೆಯ ಪುಟ ತೆಗೆದು ಕೇಳಿದೆ: "ಅವತ್ತ ಏನಾಗಿತ್ತವಾ?"

"ಏನಿಲ್ರಿ. ಏಳಾಕ ಆಗ್ಲಿಲ್ಲ."

"ಹಿಂದಿನ ರಾತ್ರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಣ್ಣಾವನ್ನ ಮೊಲಿ ಬಿಡ್ಸಾಕ ಶುರು ಮಾಡಿದ್ದೆರಿ. ಅತ್ತಿಯಾರು ಬೇವಿನ ಎಲಿ ಅರದು ಕೊಟ್ಟಿದ್ರು, ಹಚ್ಕೊಂಡೆ. ಬಾಯಿ ಹಾಕಿದ. ಮಾರಿ ಕಿವಚಿದ. ನನ್ನ ಮಾರಿ ನೋಡಿದ. ನಾ ಏನೋ ಮೋಸ ಮಾಡೇನಿ ಅನ್ನೂ ಹಂಗ ನೋಡಿದ್ರಿ ಅಕ್ಕಾರ. ಆಮ್ಯಾಲ ಅಳಾಕ ಹತ್ತಿದಾವ ನಿಲ್ಲಸಲೇ ಇಲ್ಲ. ಹೆಗಲ ಮ್ಯಾಲೆ ಹಾಕ್ಕೊಂಡು ಪಡಸಾಲ್ಯಾಗ ಬೆಳತನಕ ಅಡ್ಡ್ಯಾಡಿದೆ. ನಾಕಕ್ಕ ಅಲಾರಾಮ್ ಹೊಡೀತು. ಬಂದ್ ಮಾಡಿದೆ."

"ಅದಕ್ಕ ಸೊನ್ನಿ?"

"ಮತ್ತ? ಒಂದ್ ನಿಮಿಷ ಪ್ರಾರ್ಥನಿ ಇಲ್ಲ, ಒಂದ್ ವಚನ ಇಲ್ಲ."

"ಈಗ ಹುಡುಗ ಹೆಂಗಿದ್ದಾನ?"

ಮುಖ ಸ್ವಲ್ಪ ಸಡಿಲಾಯಿತು. "ನಾಕ್ ದಿನ ಸಿಟ್ಟು ಮಾಡಿದ್ರಿ. ನನ್ನ ಹಂತೇಕ ಬರ್ಲಿಲ್ಲ, ಅತ್ತಿ ಕಡೇನ ಇದ್ದ. ಈಗ ಬಂದು ಕುಂದರ್ತಾನ. ಹಾಲ ಕೇಳೂದಿಲ್ಲ. ಸುಮ್ನ ಎದಿಗೆ ತಲಿ ಕೊಟ್ಟು ನನ್ನ ಬಳಿ ತಿರುವ್ಕೋತ ಕುಂದರ್ತಾನ್ರಿ. ಮದ್ಲ ಹಾಲ ಕುಡದು ಓಡಿ ಹೋಗ್ತಿದ್ದ. ಈಗ ಏಳೂದ ಇಲ್ಲ."

ಹೇಳುತ್ತಾ ತಮ್ಮ ಕೈಬಳೆ ತಾವೇ ತಿರುವುತ್ತಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ.

ನನ್ನ ಮೇಜಿನ ಮೇಲೆ ಸತ್ಯವೇದ ಇರುತ್ತದೆ. ಆದರೆ ಸಲಹೆಗೆ ಬಂದವರ ಮುಂದೆ ನಾನಾಗಿ ಅದನ್ನು ತೆರೆಯುವುದು ಕಡಿಮೆ. ವಚನವನ್ನು ಮುಲಾಮಿನ ಹಾಗೆ ಹಚ್ಚುವುದು ನನಗೆ ಸೇರುವುದಿಲ್ಲ. ಅವತ್ತು ತೆರೆದೆ. 131ನೆಯ ಕೀರ್ತನೆ. ಮೂರೇ ವಚನ. ನನಗೆ ನಿಲುಕದ ದೊಡ್ಡ ಸಂಗತಿಗಳಿಗೆ ಕೈ ಹಾಕಿಲ್ಲ, ಮೊಲೆ ಬಿಟ್ಟ ಕೂಸು ತಾಯಿಯ ಹತ್ತಿರ ಇರುವಂತೆ ನನ್ನ ಪ್ರಾಣ ಸುಮ್ಮನಿದೆ ಅಂತ ಅಲ್ಲಿ ಹಾಡುವವನು ಹೇಳುತ್ತಾನೆ. ಹಾಲು ಕುಡಿಯುವ ಕೂಸು ಅಲ್ಲ. ಹಾಲು ಬಿಟ್ಟ ಕೂಸು. ಗಟ್ಟಿಯಾಗಿ ಓದಿದೆ.

"ಇದು ನಾ ಓದಿಲ್ರಿ" ಅಂದರು.

ನೋಟ್‌ಬುಕ್ ತಿರುಗಿಸಿದೆವು. ಹೋದ ವರ್ಷದ ಪುಟದಲ್ಲಿ ಇತ್ತು. ಬಾಕಿ ಉಳಿದಿದ್ದನ್ನು ಒಂದೇ ದಿನ ತೀರಿಸಿದ್ದರು: ಕೀರ್ತನೆ 126ರಿಂದ 134, ಒಂಬತ್ತು ಅಧ್ಯಾಯ, ಹನ್ನೆರಡು ನಿಮಿಷ, ಪಕ್ಕದಲ್ಲಿ ಟಿಕ್. ಯೆರೂಸಲೇಮಿಗೆ ಯಾತ್ರೆ ಹೋಗುವವರು ದಾರಿಯುದ್ದಕ್ಕೂ ಹಾಡುತ್ತಿದ್ದರು ಅನ್ನುವ ಹಾಡುಗಳವು, 120ರಿಂದ 134ರವರೆಗೆ. ದಿನಗಟ್ಟಲೆ ನಡೆಯುವವರ ಹಾಡು ಇಲ್ಲಿ ಹನ್ನೆರಡು ನಿಮಿಷದಲ್ಲಿ ಮುಗಿದಿತ್ತು. ಆಕೆ ಆ ಟಿಕ್ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. ನಾನೂ ಏನೂ ಹೇಳಲಿಲ್ಲ.

ಆಮೇಲೆ ಕೇಳಿದರು: "ಅಂದ್ರ ದೇವ್ರು ನನ್ನ ಹಾಲ ಬಿಡ್ಸಾಕತ್ತಾನ ಅಂತೀರೇನ್ರಿ?"

ಹೌದು ಅಂದುಬಿಡುವ ಆಸೆ ಆಯಿತು. ಭೇಟಿ ಎಷ್ಟು ಚಂದ ಮುಗಿಯುತ್ತಿತ್ತು. ಆದರೆ ದೇವರು ಯಾರ ಜೊತೆ ಏನು ಮಾಡುತ್ತಿದ್ದಾನೆ ಅಂತ ಹೇಳಲು ನಾನ್ಯಾರು? "ಇರಬಹುದವಾ" ಅಂದೆ. "ಮೈಯಾಗ ರಕ್ತ ಕಡಿಮಿ ಇದ್ರೂ ಹಿಂಗ ಆಗ್ತದ. ಎರಡೂ ನೋಡೋಣು."

ಅವತ್ತೇ ಮೊದಲ ಸಲ ಜೋರಾಗಿ ನಕ್ಕರು.

ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.6 ಬಂತು. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕೆಳಗೆ ಹೋದರೆ ರಕ್ತಹೀನತೆ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ರಾತ್ರಿ ಹನ್ನೊಂದೂವರೆಗೆ ಮಲಗಿ ನಾಲ್ಕಕ್ಕೆ ಏಳುವುದು, ಮಗುವಿಗೆ ಎದೆಹಾಲು, ಶುಕ್ರವಾರ ಉಪವಾಸ, ದಿನವಿಡೀ ನಿಂತು ಪಾಠ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ ಅಂದರೆ ನಿಲ್ಲುವುದಾದರೂ ಹೇಗೆ? ಎಲೀಯ ಪ್ರವಾದಿ ಸಾಕಪ್ಪಾ ಸಾಕು, ಪ್ರಾಣ ತಗೋ ಅಂತ ಗಿಡದ ಕೆಳಗೆ ಬಿದ್ದಾಗ ದೇವದೂತ ಬುದ್ಧಿ ಹೇಳಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ. ಪ್ರವಾದಿ ತಿಂದು ಮತ್ತೆ ಮಲಗಿದ. ಎಬ್ಬಿಸಿ ಮತ್ತೊಮ್ಮೆ ತಿನ್ನಿಸಿದ. ದೇವರ ಮೆಲುದನಿ ಕೇಳಿಸಿದ್ದು ಅದಾಗಿ ನಲವತ್ತು ದಿನ ನಡೆದ ಮೇಲೆ. ಒಂದನೇ ಅರಸುಗಳು 19ನೇ ಅಧ್ಯಾಯದಲ್ಲಿದೆ. ನಮ್ಮ ಉಪವಾಸ ಕೂಟಗಳಲ್ಲಿ ಮೆಲುದನಿಯ ಬಗ್ಗೆ ಬೇಕಾದಷ್ಟು ಕೇಳಿದ್ದೇನೆ. ರೊಟ್ಟಿಯ ಬಗ್ಗೆ ಯಾರೂ ಮಾತಾಡಿದ್ದು ನೆನಪಿಲ್ಲ.

ಕೊಟ್ಟ ಸಲಹೆ ಇಷ್ಟು. ನೋಟ್‌ಬುಕ್ ಆರು ವಾರ ನನ್ನ ಕಪಾಟಿನಲ್ಲಿರಲಿ. ನಾಲ್ಕರ ಗುಂಪಿಗೆ ಆರು ವಾರ ರಜೆ. ಡಾಕ್ಟರು ಹೇಳುವವರೆಗೆ ಉಪವಾಸ ಬೇಡ, ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ. ವಾರಕ್ಕೆ ಒಂದೇ ಕೀರ್ತನೆ, ದಿನಾ ಅದನ್ನೇ, ಬಾಯಿಬಿಟ್ಟು ಓದಿ. ರಾತ್ರಿ ಊಟಕ್ಕೆ ಮುಂಚೆ ಅತ್ತೆ, ಮಕ್ಕಳ ಜೊತೆ ಕೂತು ಒಂದು ಹಾಡು, ಕರ್ತನ ಪ್ರಾರ್ಥನೆ, ಅಷ್ಟೇ. ರವಿವಾರದ ಆರಾಧನೆ, ಕರ್ತನ ಭೋಜನ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ಬಿಡಬೇಡಿ. ಅಲ್ಲಿ ನೀವು ಏನೂ ಮಾಡಬೇಕಿಲ್ಲ, ಕೈ ಚಾಚಿದರೆ ಸಾಕು.

ವಾರ ಕಳೆಯುವುದರೊಳಗೆ ಅವರ ಗುಂಪಿನ ಪಾಸ್ಟರು ಫೋನ್ ಮಾಡಿದರು. "ವಿಶ್ವಾಸಿಗೆ ಪ್ರಾರ್ಥನೆ ಬಿಡು ಅಂತ ಹೇಳಿದ್ರಂತೆ?" ದನಿ ಎತ್ತರದಲ್ಲೇ ಇತ್ತು. ಪ್ರಾರ್ಥನೆ ಬಿಡು ಅಂದಿಲ್ಲ, ಎಣಿಸೋದು ಬಿಡು ಅಂದೆ ಅಂತ ಹೇಳಿದೆ. ಅವರಿಗೆ ಎರಡೂ ಒಂದೇ. ಶಿಸ್ತು ಇಲ್ಲದಿದ್ದರೆ ಶರೀರ ಸೋಮಾರಿ ಆಗುತ್ತದೆ, ಇವತ್ತು ಆರು ವಾರ, ನಾಳೆ ಆರು ವರ್ಷ ಅಂದರು.

ಅವರ ಹೆದರಿಕೆ ಸುಳ್ಳಲ್ಲ. ಕೃಪೆ ಇದೆಯಲ್ಲ ಅಂತ ಹಾಸಿಗೆ ಬಿಟ್ಟು ಏಳದವರನ್ನೂ ಕಂಡಿದ್ದೇನೆ. ಅಂಥವರಿಗೆ ನಾನೇ ನೋಟ್‌ಬುಕ್ ಕೊಟ್ಟು ಕಳಿಸುತ್ತೇನೆ. ನಮ್ಮ ಕಡೆ ಈ ನೋಟ್‌ಬುಕ್ಕಿಗೆ ಒಂದು ಹಿನ್ನೆಲೆಯೂ ಇದೆ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಪಯಟಿಸ್ಟ್ ಪರಂಪರೆಯ, ಅಂದರೆ ಒಳಗಿನ ಭಕ್ತಿಗೆ ಒತ್ತು ಕೊಡುವ ಪ್ರಾಟೆಸ್ಟಂಟ್ ಪಂಥದ ಜನ. ದಿನಚರಿ ಬರೆಯುವುದು, ಮನಸ್ಸನ್ನು ತಾವೇ ತಪಾಸಣೆ ಮಾಡಿಕೊಳ್ಳುವುದು, ಮನೆಮಂದಿ ಕೂಡಿ ಪ್ರಾರ್ಥಿಸುವುದು ಆ ಪರಂಪರೆಯ ರೂಢಿ. ನಮ್ಮ ಅಜ್ಜಿಯ ಮನೆಯಲ್ಲೂ ದೀಪ ಹಚ್ಚಿದ ಮೇಲೆ ಎಲ್ಲರೂ ಕೂತೇ ಕೂರಬೇಕಿತ್ತು. ಆ ಶಿಸ್ತಿನಿಂದಲೇ ನಾನು ಬೆಳೆದೆ. ಅದರ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಇರುವುದು ಅಂಕದ ಮೇಲೆ. ಅಪೊಸ್ತಲ ಪೌಲನು ಗಲಾತ್ಯದ ಸಭೆಯವರಿಗೆ ಬರೆದಾಗ ಆತ್ಮದ ಫಲ ಅಂತ ಒಂಬತ್ತನ್ನು ಹೇಳಿದ: ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ದಯೆ, ಒಳ್ಳೆಯತನ, ನಂಬಿಗಸ್ತಿಕೆ, ಸೌಮ್ಯತೆ, ಸಂಯಮ. ಗಡಿಯಾರ ನೋಡಿ ಅಳೆಯುವಂಥದ್ದು ಇದರಲ್ಲಿ ಯಾವುದಿದೆ? ಈ ತಂಗಿಯ ನೋಟ್‌ಬುಕ್ಕಿನಲ್ಲಿ ಅತ್ತೆಯ ಜೊತೆ ಹೇಗೆ ಮಾತಾಡಿದೆ ಅನ್ನುವುದಕ್ಕೆ ಕಾಲಂ ಇರಲಿಲ್ಲ. ಅಳುವ ಮಗುವನ್ನು ಹೊತ್ತು ಬೆಳತನಕ ನಡೆದದ್ದಕ್ಕೂ ಇರಲಿಲ್ಲ. ಅದಕ್ಕೇ ಆ ರಾತ್ರಿಗೆ ಸೊನ್ನೆ ಬಿತ್ತು.

ಇನ್ನು ಅಧ್ಯಾಯ ಎಣಿಸುವುದು. ಇವತ್ತಿನ ಅಧ್ಯಾಯಗಳು 13ನೇ ಶತಮಾನದ ಶುರುವಿನಲ್ಲಿ ಸ್ಟೀಫನ್ ಲ್ಯಾಂಗ್ಟನ್ ಎಂಬ ಇಂಗ್ಲೆಂಡಿನ ಧರ್ಮಪಂಡಿತ ಮಾಡಿದ ವಿಂಗಡಣೆಯಿಂದ ಬಂದವು ಅನ್ನುತ್ತಾರೆ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆ ಕೊಟ್ಟದ್ದು ರೋಬೆರ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಮೊದಲ ಶತಮಾನದ ಪೇತ್ರನೋ ಪೌಲನೋ ದಿನಕ್ಕೆ ನಾಲ್ಕು ಅಧ್ಯಾಯ ಓದಿರಲು ಸಾಧ್ಯವೇ ಇಲ್ಲ. ಹುಡುಕಲು ಸುಲಭ ಆಗಲಿ ಅಂತ ಹಾಕಿದ ಗುರುತನ್ನು ನಾವು ಭಕ್ತಿಯ ಅಳತೆ ಮಾಡಿಕೊಂಡಿದ್ದೇವೆ. ವಾಟ್ಸ್‌ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಅಂತ ಮತ್ತಾಯ 6ರಲ್ಲಿದೆ. ಮುಗಿದ ಮೇಲೆ ಬಾಗಿಲು ತೆರೆದು ಕೂಗು ಅಂತ ಇಲ್ಲ.

ಇಷ್ಟನ್ನೂ ಪಾಸ್ಟರಿಗೆ ಹೇಳಿದೆ. ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಈಕೆಗಿದ್ದದ್ದು ಆಯಾಸ ಮತ್ತು ಹೆದರಿಕೆ. ಎಲ್ಲರದ್ದೂ ಇಷ್ಟಕ್ಕೇ ಮುಗಿಯುವುದಿಲ್ಲ. ಎರಡು ವಾರ ದಾಟಿದರೂ ಯಾವುದರಲ್ಲೂ ಮನಸ್ಸಿಲ್ಲ, ಮಲಗಿದರೂ ನಿದ್ದೆಯಿಲ್ಲ, ಬದುಕೇ ಬೇಡ ಅನಿಸುತ್ತದೆ ಅನ್ನುವವರು ಬಂದರೆ ನಾನು ಕೀರ್ತನೆ ತೆರೆದು ಕೂರುವುದಿಲ್ಲ. ಜೊತೆಗೆ ಹೋಗಿ ಮನೋವೈದ್ಯರಿಗೆ ತೋರಿಸುತ್ತೇನೆ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಇದೆ. ಅಂಥವರಿಗೆ ನಿನ್ನ ವಿಶ್ವಾಸ ಕಡಿಮೆ ಅಂತ ಹೇಳುವುದು ಪಾಪ ಅಂತಲೇ ನನ್ನ ನಂಬಿಕೆ.

ಆರು ವಾರ ಕಳೆದ ಮೇಲೆ ಬಂದರು. ಈ ಸಲ ಚಿಕ್ಕವನೂ ಜೊತೆಗಿದ್ದ, ಹೆಗಲ ಮೇಲೆ ಮಲಗಿದ್ದ. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಬೆಳವಣಿಗೆ ಆಯಿತೇನು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಮತ್ತೆ ಅಂಕ ಕೇಳಿದ ಹಾಗಾಗುತ್ತಿತ್ತು. ಹೇಗಿದ್ದೀರಿ ಅಂದೆ.

"ಅಂಥಾದ್ದೇನೂ ಅನಸೂದಿಲ್ರಿ ಇನ್ನೂ. ಆದ್ರ ಹೆದರಿಕಿ ಹೋಗೇದ." ಸ್ವಲ್ಪ ತಡೆದು ಅಂದರು, "ಅತ್ತಿಯಾರು ಒಂದು ಹಳೇ ಹಾಡು ಹಾಡ್ತಾರ್ರಿ ರಾತ್ರಿ. ನನಗ ಬರ್ತಿರ್ಲಿಲ್ಲ. ಕಲ್ಯಾಕತ್ತೇನಿ."

ಕಪಾಟಿನಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೆ. ಬೇಕಾದರೆ ಒಯ್ಯಬಹುದು ಅಂದೆ. ನೋಡಿದರು. ಅಷ್ಟರಲ್ಲಿ ಹುಡುಗ ಎದ್ದ. ಹೊಸ ಜಾಗ ಕಂಡು ಅಳುಮೋರೆ ಮಾಡಿ, ಅಮ್ಮನ ಬಳೆ ಹಿಡಿದುಕೊಂಡ. ಬಸ್ಸಿಗೆ ಹೊತ್ತಾತು ಬರ್ತೇನ್ರಿ ಅಕ್ಕಾರ ಅಂತ ಅವನನ್ನು ಎತ್ತಿಕೊಂಡು ಹೊರಟರು. ನೋಟ್‌ಬುಕ್ ಮೇಜಿನ ಮೇಲೇ ಇತ್ತು. ಮರೆತರೋ, ಬಿಟ್ಟರೋ, ನಾನು ಫೋನ್ ಮಾಡಿ ಕೇಳಿಲ್ಲ.