ಒಡೆದ ಪಾಯಸ, ಉಬ್ಬದ ಇಡ್ಲಿ ಹಿಟ್ಟು, ಮುಖಕ್ಕೆ ನಿಂಬೆ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಎರಡೇ ವಸ್ತುಗಳ ಸುತ್ತ ಸುತ್ತುತ್ತಿವೆ: ಅಡುಗೆ ಸೋಡಾ ಮತ್ತು ನಿಂಬೆಹಣ್ಣು. ಎರಡೂ ನನ್ನ ಅಡುಗೆಮನೆಯಲ್ಲಿವೆ. ಆದರೆ ನೀವು ಕೇಳಿರುವ ಕಡೆಗಳಲ್ಲೆಲ್ಲ ನಾನು ಅವನ್ನು ಬಳಸುವುದಿಲ್ಲ.

ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುತ್ತಿಲ್ಲ. ಸೋಡಾ ಹಾಕೋಣವೆಂದರೆ ಅತ್ತೆಯವರು ಒಪ್ಪುವುದಿಲ್ಲ. ಬೇರೆ ಉಪಾಯವಿದೆಯೇ?
– ಗೃಹಿಣಿ, ಸರಸ್ವತಿಪುರಂ, ಮೈಸೂರು

ನಾನೂ ಅತ್ತೆಯವರ ಕಡೆಗೇ. ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳು ಉದ್ದಿನಬೇಳೆಯಲ್ಲಿಯೇ ಇರುತ್ತವೆ. ಸುಮಾರು 30 ಡಿಗ್ರಿ ಬಿಸಿ ಸಿಕ್ಕರೆ ಅವು ರಾತ್ರಿ ಕಳೆಯುವುದರೊಳಗೆ ಕೆಲಸ ಮುಗಿಸುತ್ತವೆ. ಡಿಸೆಂಬರ್, ಜನವರಿಯ ಮೈಸೂರಿನ ರಾತ್ರಿಯಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು?

ಪಾತ್ರೆಗೆ ಕಂಬಳಿ ಸುತ್ತಿಡುವವರು ಬಹಳ ಮಂದಿ. ಕಂಬಳಿ ಇರುವ ಬಿಸಿಯನ್ನು ಹಿಡಿದಿಡುತ್ತದೆ, ಇಲ್ಲದ ಬಿಸಿಯನ್ನು ತಂದುಕೊಡುವುದಿಲ್ಲ. ತಣ್ಣಗಿನ ಹಿಟ್ಟಿಗೆ ಕಂಬಳಿ ಹೊದಿಸಿದರೆ ಅದು ಬೆಳಗಿನವರೆಗೂ ತಣ್ಣಗೇ ಇರುತ್ತದೆ. ಆದ್ದರಿಂದ ಮೊದಲು ಬಿಸಿ, ಆಮೇಲೆ ಕಂಬಳಿ. ಅಗಲವಾದ ಪಾತ್ರೆಯಲ್ಲಿ ಕೈ ಅದ್ದಿದರೆ ಹಿತವೆನಿಸುವಷ್ಟು ಬೆಚ್ಚಗಿನ ನೀರು ತುಂಬಿ, ಅದರೊಳಗೆ ಹಿಟ್ಟಿನ ಪಾತ್ರೆಯನ್ನು ಇಳಿಸಿ, ಎರಡನ್ನೂ ಸೇರಿಸಿ ಸುತ್ತಿ. ಮಲಗುವ ಮುನ್ನ ಒಮ್ಮೆ ನೀರು ಬದಲಿಸಿದರೆ ಇನ್ನೂ ಒಳ್ಳೆಯದು. ಉದ್ದು ನೆನೆಹಾಕುವಾಗಲೇ ಅರ್ಧ ಚಮಚ ಮೆಂತ್ಯ ಸೇರಿಸಿ. ಅದರ ಲೋಳೆ ಹಿಟ್ಟಿನೊಳಗಿನ ಗಾಳಿಯನ್ನು ಬಿಟ್ಟುಕೊಡುವುದಿಲ್ಲ. ಹಿಂದಿನ ಸಲದ ಹಿಟ್ಟು ಫ್ರಿಜ್ಜಿನಲ್ಲಿ ಎರಡು ಚಮಚ ಉಳಿದಿದ್ದರೆ ಅದನ್ನೂ ಕಲಸಿ. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ ಇದು.

ಸೋಡಾ ಹಾಕಿದ ಇಡ್ಲಿ ಉಬ್ಬುತ್ತದೆ ನಿಜ, ಆದರೆ ಹದವಾದ ಹುಳಿ ಬರುವುದಿಲ್ಲ. ಜೊತೆಗೆ ಉದ್ದಿನಲ್ಲಿರುವ ಬಿ1 ಜೀವಸತ್ವವೂ ನಷ್ಟವಾಗುತ್ತದೆ. ನೆಂಟರು ಬಾಗಿಲಿಗೇ ಬಂದು ನಿಂತಿದ್ದರೆ ಎರಡು ಚಮಚ ಹುಳಿ ಮೊಸರು, ಒಂದು ಚಿಟಿಕೆ ಸೋಡಾ ಹಾಕಿ ತಟ್ಟೆ ಹೊಯ್ಯಿರಿ. ಅತ್ತೆಯವರಿಗೆ ನಾನು ಹೇಳಿದೆನೆಂದು ಹೇಳಬೇಡಿ.

ಹಬ್ಬದ ದಿನ ಶ್ಯಾವಿಗೆ ಪಾಯಸಕ್ಕೆ ಬೆಲ್ಲ ಹಾಕಿದ ಕೂಡಲೇ ಹಾಲು ಒಡೆಯಿತು. ಬೆಲ್ಲ ನಮ್ಮೂರಿನ ಆಲೆಮನೆಯದೇ, ಕಲಬೆರಕೆಯ ಮಾತೇ ಇಲ್ಲ. ಹಾಲು ಕೆಟ್ಟಿತ್ತೇ?
– ರೈತ ಮಹಿಳೆ, ಮಂಡ್ಯ ತಾಲ್ಲೂಕು

ಹಾಲೂ ಕೆಟ್ಟಿರಲಿಲ್ಲ, ಬೆಲ್ಲವೂ ಕೆಟ್ಟದ್ದಲ್ಲ. ಕಬ್ಬಿನ ಹಾಲಿಗೆ ತನ್ನದೇ ಆದ ಸಣ್ಣ ಹುಳಿಯಿದೆ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಸುಣ್ಣ ಹಾಕುವುದನ್ನು ನೀವೇ ನೋಡಿರುತ್ತೀರಿ. ಕೊಳೆ ತೆಗೆಯುವುದರ ಜೊತೆಗೆ ಆ ಹುಳಿಯನ್ನು ಮುರಿಯುವುದೂ ಸುಣ್ಣದ ಕೆಲಸ. ಸುಣ್ಣ ಕಡಿಮೆ ಬಿದ್ದ ಬೆಲ್ಲದಲ್ಲಿ ಹುಳಿ ಉಳಿಯುತ್ತದೆ. ಮಳೆಗಾಲದಲ್ಲಿ ತೇವ ಹೀರಿಕೊಂಡು ಮೆತ್ತಗಾದ ಅಚ್ಚಿನಲ್ಲಿ ಅದು ಇನ್ನೂ ಹೆಚ್ಚುತ್ತದೆ. ಹಾಲು ಬಿಸಿಯಾಗಿದ್ದಷ್ಟೂ ಹುಳಿಗೆ ಬೇಗ ಒಡೆಯುತ್ತದೆ. ಕುದಿಯುವ ಹಾಲಿಗೆ ನೀವು ಬೆಲ್ಲ ಹಾಕಿದಿರಿ, ಅದು ಒಡೆಯಿತು. ಮದುವೆಯಾದ ಹೊಸತರಲ್ಲಿ ಗೌರಿಹಬ್ಬದ ದಿನ ನಾನೂ ಇದನ್ನೇ ಮಾಡಿ, ಮನೆಯವರೆಲ್ಲರಿಗೂ ಸಿಹಿ ಪನೀರು ಬಡಿಸಿದ್ದೆ.

ಬೆಲ್ಲವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಸೋಸಿ, ಒಂದು ಕುದಿ ಬರಿಸಿ, ಪೂರ್ತಿ ಆರಲು ಬಿಡಿ. ಶ್ಯಾವಿಗೆ ಹಾಲಿನಲ್ಲಿ ಬೆಂದ ಮೇಲೆ ಒಲೆಯಿಂದ ಇಳಿಸಿ, ಅದು ಉಗುರುಬೆಚ್ಚಗಾದಾಗ ಪಾಕ ಸೇರಿಸಿ. ಮತ್ತೆ ಒಲೆಯ ಮೇಲಿಡಬೇಡಿ. ಸೋಡಾಕ್ಕೆ ಸರಿಯಾದ ಜಾಗವೂ ಇದೇ: ಬೆಲ್ಲದ ಮೇಲೆ ಅನುಮಾನವಿದ್ದರೆ ಆ ಪಾಕಕ್ಕೆ ಒಂದು ಚಿಟಿಕೆ ಹಾಕಿ. ಸಣ್ಣಗೆ ನೊರೆಯೆದ್ದರೆ ಹುಳಿ ಇತ್ತೆಂದೇ ಅರ್ಥ. ಚಿಟಿಕೆ ಚಮಚವಾದರೆ ಪಾಯಸ ಸೋಪಿನ ರುಚಿ ಕೊಡುತ್ತದೆ. ಇವೆಲ್ಲ ತಲೆನೋವೇ ಬೇಡವೆಂದರೆ ತೆಂಗಿನಕಾಯಿ ಹಾಲಿನಲ್ಲಿ ಮಾಡಿ. ನನ್ನನ್ನು ಕೇಳಿದರೆ ಬೆಲ್ಲದ ಪಾಯಸಕ್ಕೆ ಅದೇ ಚೆನ್ನ.

ಒಂದು ಮಾತು ಬಿಟ್ಟುಹೋಗುತ್ತಿತ್ತು. ಚಿನ್ನದಂತೆ ಹೊಳೆಯುವ ಹಳದಿ ಬೆಲ್ಲವನ್ನೇ ಹುಡುಕಿಕೊಂಡು ಹೋಗಬೇಡಿ. ಆ ಬಣ್ಣ ಅನೇಕ ಸಲ ಹೈಡ್ರೋಸ್ ಎಂಬ ರಾಸಾಯನಿಕದಿಂದ ಬಂದದ್ದು. ಕಂದು ಬೆಲ್ಲವೇ ಇರಲಿ.

ಅಕ್ಕನ ಮದುವೆಗೆ ಮೂರು ವಾರವಿದೆ. ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಹಚ್ಚಿದರೆ ಮುಖ ಬೆಳ್ಳಗಾಗುತ್ತದೆ ಎಂದು ವಿಡಿಯೋದಲ್ಲಿ ನೋಡಿದೆ. ದಿನಾ ಹಚ್ಚಬಹುದೇ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ದಿನವೂ ಬೇಡ, ಒಂದು ದಿನವೂ ಬೇಡ. ನಿಂಬೆರಸ ನಮ್ಮ ಚರ್ಮಕ್ಕಿಂತ ನೂರಾರು ಪಟ್ಟು ಹೆಚ್ಚು ಆಮ್ಲೀಯ. ಸೋಡಾ ಅದಕ್ಕೆ ತದ್ವಿರುದ್ಧ ಕ್ಷಾರ. ಎರಡನ್ನೂ ಬೆರೆಸಿದಾಗ ಏಳುವ ನೊರೆ ನೋಡಲು ಚೆಂದ, ಆದರೆ ಆ ನೊರೆಯಲ್ಲಿ ಒಂದು ಇನ್ನೊಂದನ್ನು ಕೊಂದುಹಾಕುತ್ತದೆ, ಅಷ್ಟೇ. ಯಾವುದು ಹೆಚ್ಚಾಗಿ ಉಳಿಯುತ್ತದೋ ಅದು ಮುಖವನ್ನು ಉರಿಸುತ್ತದೆ. ಇನ್ನೂ ಕೆಟ್ಟ ಸಂಗತಿಯೆಂದರೆ, ನಿಂಬೆಜಾತಿಯ ಹಣ್ಣುಗಳಲ್ಲಿರುವ ಕೆಲವು ಪದಾರ್ಥಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತಾಗಿ ಕಪ್ಪು ಕಲೆ ಏಳುತ್ತದೆ. ಆ ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಮದುವೆಯ ಫೋಟೊಗಳಲ್ಲಿ ಅದೂ ಬರುತ್ತದೆ.

ಕಡಲೆಹಿಟ್ಟಿಗೆ ಮೊಸರು ಕಲಸಿ, ಹಚ್ಚಿ, ಒಣಗಿ ಬಿರಿಯುವ ಮೊದಲೇ ತೊಳೆಯಿರಿ. ವಾರಕ್ಕೆರಡು ಸಲ ಸಾಕು. ಅದಕ್ಕೂ ಮುನ್ನ ಮೊಣಕೈಯ ಒಳಮಡಿಕೆಗೆ ಹಚ್ಚಿ ಒಂದು ದಿನ ಕಾದು ನೋಡಿ. ಬಿಸಿಲಿನಲ್ಲಿ ಹೋಗುವಾಗ ಕೊಡೆ ಹಿಡಿಯಿರಿ. ಬೆಳ್ಳಗಾಗುವ ಆಸೆಯನ್ನೇ ಬಿಟ್ಟುಬಿಡು ಎಂದು ನಿಮ್ಮ ಅಜ್ಜಿಯ ವಯಸ್ಸಿನವಳಾಗಿ ಹೇಳಬಹುದು. ನೀವು ಕೇಳುತ್ತೀರೆಂಬ ಭರವಸೆ ನನಗಿಲ್ಲ.

ನಮ್ಮಲ್ಲಿ ಬೋರ್‌ವೆಲ್ ನೀರು. ಸೋಪಿನಿಂದ ತಲೆ ತೊಳೆದರೆ ಕೂದಲು ಅಂಟಂಟಾಗುತ್ತದೆ. ಸೀಗೆಕಾಯಿ ವಾಸಿಯೇ?
– ಓದುಗರು, ಕೆ.ಆರ್. ಪೇಟೆ

ವಾಸಿ. ಗಡಸು ನೀರಿನ ಸುಣ್ಣದ ಅಂಶ ಸೋಪಿನೊಡನೆ ಸೇರಿ ಕರಗದ ಜಿಡ್ಡಾಗಿ ಕೂದಲಿಗೆ ಅಂಟುತ್ತದೆ. ಸೀಗೆಕಾಯಿ, ಅಂಟುವಾಳದ ನೊರೆ ಹಾಗೆ ಜಿಡ್ಡುಗಟ್ಟುವುದಿಲ್ಲ. ಪುಡಿಯನ್ನು ನೇರವಾಗಿ ತಿಕ್ಕಿದರೆ ಅದರ ನಾರು ಕೂದಲಲ್ಲೇ ಉಳಿಯುತ್ತದೆ. ಆರೇಳು ಸೀಗೆಕಾಯಿ, ಬೀಜ ತೆಗೆದ ನಾಲ್ಕು ಅಂಟುವಾಳ, ಒಂದು ಚಮಚ ಮೆಂತ್ಯವನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ. ಕಣ್ಣಿಗೆ ಬಿದ್ದರೆ ಬಹಳ ಉರಿ, ಎಚ್ಚರ.

ಹಿಂಡಿದ ನಿಂಬೆ ಸಿಪ್ಪೆಯನ್ನು ಎಸೆಯಬೇಡಿ. ಅದೇ ನೀರು ನಿಮ್ಮ ನಲ್ಲಿಗೆ ಕಟ್ಟಿರುವ ಬಿಳಿ ಪದರವನ್ನು ಅದರಿಂದ ಉಜ್ಜಿ. ಅಲ್ಯೂಮಿನಿಯಂ ಕುಕ್ಕರಿನ ತಳದ ನೀರಿಗೆ ಒಂದು ಸಿಪ್ಪೆ ಹಾಕಿದರೆ ಒಳಗೆ ಕಪ್ಪಾಗುವುದಿಲ್ಲ.

ಎಣ್ಣೆ ಸಿಡಿದು ಕೈ ಸುಟ್ಟರೆ ಟೂತ್‌ಪೇಸ್ಟ್ ಹಚ್ಚುತ್ತೇವೆ. ಸರಿಯೇ?
– ಮೆಸ್ ನಡೆಸುವವರು, ಮದ್ದೂರು

ಬೇಡ. ಇಂಕು, ಬೆಣ್ಣೆ, ಐಸು, ಯಾವುದೂ ಬೇಡ. ತಕ್ಷಣ ಉಂಗುರ, ಬಳೆ ತೆಗೆದು, ನಲ್ಲಿಯ ಹರಿಯುವ ನೀರಿನ ಕೆಳಗೆ 20 ನಿಮಿಷ ಕೈ ಹಿಡಿಯಿರಿ. ಗಡಿಯಾರ ನೋಡಿಕೊಂಡೇ ಹಿಡಿಯಿರಿ, ಎರಡು ನಿಮಿಷಕ್ಕೇ ಸಾಕೆನಿಸುತ್ತದೆ. ಬೊಬ್ಬೆ ಎದ್ದರೆ ಒಡೆಯಬೇಡಿ. ಅಂಗೈಯಷ್ಟು ಅಗಲ ಸುಟ್ಟಿದ್ದರೆ, ಮುಖಕ್ಕೆ ಸಿಡಿದಿದ್ದರೆ, ಸುಟ್ಟುಕೊಂಡದ್ದು ಮಗುವಾಗಿದ್ದರೆ, ನೀರು ಹಿಡಿದ ಬಳಿಕ ಸೀದಾ ಆಸ್ಪತ್ರೆಗೆ ಹೋಗಿ.